ಚಕ್ರದೊಳಗಿನ ಉಸಿರು

ಕಾರಿನ ಹಳದಿ ದೀಪ ಮತ್ತೆ ಹೊತ್ತಿಕೊಂಡಿತ್ತು.

"ನಿಮ್ಮ ಕಂಪನಿ ಟೈರು, ನಿಮ್ಮ ಕಂಪನಿ ದೀಪ. ಇನ್ನೇನ್ ಮಾಡ್ಲಿ, ನೀನ ಹೇಳು," ಎಂದು ಗುರುಸಿದ್ಧ ಸೊಂಟದ ಮೇಲೆ ಕೈಯಿಟ್ಟು ಹೆಂಡತಿಯ ಕಡೆ ನೋಡಿದ. "ವಾಲ್ವ್ ಬದಲಿ ಮಾಡಿಸ್ದೆ. ಸೆನ್ಸರ್ ಬದಲಿ ಮಾಡಿಸ್ದೆ. ಟೈರ್ ಬಿಚ್ಚಿ ನೀರಾಗ ಮುಳುಗಿಸಿ ನೋಡಿದ್ರು, ಒಂದ್ ಗುಳ್ಳಿ ಏಳಲಿಲ್ಲ. ಮತ್ತ ಬೆಳಗಾಗೂದ್ರಾಗ ಗಾಳಿ ಕಡಿಮಿ."

ಮಹಾನಂದಾ ಬಾಗಿ ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದಳು. ನಿಜವಾಗಿಯೂ ಮೆತ್ತಗಿತ್ತು. ಹಿಂದಿನದೂ ಅಷ್ಟೇ. ನಾಲ್ಕೂ ಟೈರುಗಳು ಮಾತಾಡಿಕೊಂಡವರ ಹಾಗೆ ಒಂದೇ ಸಮ ಇಳಿದಿದ್ದವು.

ಧಾರವಾಡದ ಹೊರವಲಯದಲ್ಲಿರುವ ಚಿರಚಕ್ರ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಅವಳು ಎಂಜಿನಿಯರ್. ಮೊಳೆ ಚುಚ್ಚಿದರೂ ಮನುಷ್ಯನ ಚರ್ಮದಂತೆ ತಾನೇ ಮಾಯುವ ಟೈರನ್ನು ಆ ಕಂಪನಿ ಮಾರುಕಟ್ಟೆಗೆ ತಂದು ನಾಲ್ಕು ವರ್ಷವಾಗಿತ್ತು. ಅಷ್ಟರೊಳಗೆ ರಸ್ತೆ ಬದಿಯ ಪಂಕ್ಚರ್ ಅಂಗಡಿಗಳು ಚಹಾದಂಗಡಿಗಳಾಗಿದ್ದವು. ಜನ ಡಿಕ್ಕಿಯಿಂದ ಸ್ಟೆಪ್ನಿಯನ್ನು ತೆಗೆದುಹಾಕಿ ಅಲ್ಲಿ ಬ್ಯಾಗು, ಚೀಲ ತುಂಬಿಸುತ್ತಿದ್ದರು. ಜ್ಯಾಕ್ ಹಾಕುವುದು ಹೇಗೆಂದು ಕೇಳಿದರೆ ಹೊಸದಾಗಿ ಲೈಸೆನ್ಸ್ ಪಡೆದವರು ಬೆಪ್ಪಾಗಿ ನೋಡುತ್ತಿದ್ದರು. ಟೈರೊಳಗೆ ಕೂತ ಸೆನ್ಸರು ಗಾಳಿಯ ಒತ್ತಡವನ್ನು ಗಳಿಗೆಗಳಿಗೆಗೂ ಅಳೆದು ಕಂಪನಿಗೆ ಕಳಿಸುತ್ತಿತ್ತು. ಒತ್ತಡ ಕಡಿಮೆಯಾದರೆ ಚಾಲಕನ ಮುಂದೆ ಹಳದಿ ದೀಪ.

"ಒಂದ್ ಸಲ ಪೂರ್ತಿ ಗಾಳಿ ಬಿಟ್ಟು, ಹೊಸಾ ಗಾಳಿ ತುಂಬಿಸಿ, ಆಮ್ಯಾಲೆ ರೀಸೆಟ್ ಮಾಡ್ರಿ," ಎಂದಳು ಮಹಾನಂದಾ. ಕಂಪನಿಯ ಸಹಾಯವಾಣಿ ಎಲ್ಲರಿಗೂ ಹೇಳುತ್ತಿದ್ದ ಮಾತೇ ಅದು. ಬರೆದುಕೊಟ್ಟವರಲ್ಲಿ ಅವಳೂ ಒಬ್ಬಳು.

"ಅದನ್ನ ಈಗಾಗ್ಲೇ ಎಷ್ಟ್ ಸಲ ಮಾಡೇನಿ!"

"ಇನ್ನೊಂದ್ ಸಲ ಮಾಡ್ರಿ. ಭುವನಾನ್ನ ಕರ್ಕೊಂಡ್ ಬರೂದೈತಿ. ಎಂಟ್ ತಿಂಗಳ ಬಸರಿ."

ಭುವನೇಶ್ವರಿ ಗುರುಸಿದ್ಧನ ತಂಗಿ. ಬಾಗಲಕೋಟೆಯ ಗಂಡನ ಮನೆಯಲ್ಲಿ ಸೀಮಂತದ ಕುಬಸ ಮುಗಿದಿತ್ತು. ಬಾಣಂತನಕ್ಕೆ ತವರಿಗೆ ಕರೆತರಲು ಅಣ್ಣ ಹೊರಟಿದ್ದ, ಜೊತೆಗೆ ತಾಯಿ ಶಾಂತವ್ವ. "ಬಿಸಲ್ ಏರೂದ್ರಾಗ ಬಾಗಲಕೋಟಿ ಮುಟ್ಟಬೇಕು. ದೀಪ ಹತ್ತಲಿ, ಆರಲಿ, ನಡೀರಿ ಇನ್ನ," ಎಂದು ಆಕೆ ಆಗಲೇ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಗುರುಸಿದ್ಧ ಪೆಟ್ರೋಲ್ ಬಂಕಿನಲ್ಲಿ ನಾಲ್ಕೂ ಟೈರಿನ ಗಾಳಿ ಬಿಟ್ಟು, ಹೊಸದಾಗಿ ತುಂಬಿಸಿ, ಹೆಂಡತಿಯನ್ನು ಕಚೇರಿಯ ಬಾಗಿಲಲ್ಲಿ ಇಳಿಸಿ ಹೋದ. ದೀಪ ಆರಿತ್ತು.

ಕೊಠಡಿಯ ಗೋಡೆಯುದ್ದದ ಪರದೆಯ ನಕ್ಷೆಯಲ್ಲಿ ಮಾತ್ರ ದೀಪಗಳು ಆರಿರಲಿಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿ, ವಿಜಯಪುರದ ಸುತ್ತ ಅರಿಸಿನ ಚೆಲ್ಲಿದಂತೆ ಹಳದಿ ಚುಕ್ಕೆಗಳು. ಮಂಗಳೂರಲ್ಲಿ ಅಲ್ಲೊಂದು ಇಲ್ಲೊಂದು. ಮಡಿಕೇರಿಯಲ್ಲಿ ಒಂದೂ ಇಲ್ಲ.

"ಬಿಸಿಲಿಗೆ ಸೆನ್ಸರ್ ತಪ್ಪ ತೋರಸ್ತಾವ. ಇದರಾಗ ತಲಿ ಕೆಡಿಸ್ಕೊಳ್ಳೂದೇನದ?" ಎಂದ ಸುಧೀಂದ್ರ ಕಟ್ಟಿ. ಕೊಠಡಿಯ ಮುಖ್ಯಸ್ಥ, ನಿವೃತ್ತಿಗೆ ಹತ್ತಿರವಾದವನು, ಸಿಟ್ಟು ಬಂದರೂ ದನಿ ಏರಿಸದವನು. 'ಹಳದಿ ದೀಪ ಕಂಡರೆ ಗಾಬರಿ ಬೇಡ, ಇದು ಸಣ್ಣ ತಾಂತ್ರಿಕ ದೋಷ' ಎಂಬ ಸಂದೇಶ ಹಿಂದಿನ ವಾರವೇ ಎಲ್ಲ ಕಾರುಗಳಿಗೂ ಹೋಗಿತ್ತು. "ಊಟದ ಹೊತ್ತಿಗೆ ತಿದ್ದುಪಡಿ ಕಳಿಸಿಬಿಡ್ರಿ ಮಹಾನಂದಾ. ಇಷ್ಟು ಕಡಿಮಿ ಆದ್ರ ದೀಪ ಹತ್ತೂದ ಬ್ಯಾಡ. ಮ್ಯಾಲಿನವರು ಬೆಳಗಿಂದ ಬೆನ್ನು ಹತ್ಯಾರ."

ತಿದ್ದುಪಡಿ ಸಿದ್ಧವಿತ್ತು. ಒಂದು ಗುಂಡಿ ಒತ್ತಿದರೆ ಪರದೆಯ ಹಳದಿಯೆಲ್ಲ ಅಳಿಸಿಹೋಗುತ್ತಿತ್ತು. ಆದರೆ ಅವಳ ಹೆಬ್ಬೆರಳಿಗೆ ಬೆಳಗಿನ ಮೆತ್ತನೆಯ ಟೈರು ಇನ್ನೂ ನೆನಪಿತ್ತು. ಸೆನ್ಸರ್ ಸುಳ್ಳು ಹೇಳಬಹುದು, ಬೆರಳು ಹೇಳುತ್ತದೆಯೇ? ಅದೂ ಅಲ್ಲದೆ, ಬಿಸಿಲಿಗೆ ಗಾಳಿ ಹಿಗ್ಗಬೇಕು, ಒತ್ತಡ ಏರಬೇಕು. ಇದು ಯಾಕೆ ಇಳಿಯುತ್ತದೆ?

ಅವಳು ಒಂದೊಂದೇ ಕಾರಿನ ಒತ್ತಡದ ಗೆರೆಯನ್ನು ತೆರೆದು ನೋಡತೊಡಗಿದಳು. ಗಂಗಾವತಿಯ ಒಂದು ಕಾರು. ಸಿಂಧನೂರಿನ ಒಂದು. ಯಾದಗಿರಿಯ ಡಾಕ್ಟರೊಬ್ಬರದು. ಎಲ್ಲ ಗೆರೆಗಳೂ ಇಳಿಜಾರಿನಲ್ಲಿ ಇಳಿದು, ಒಂದು ಮಟ್ಟಕ್ಕೆ ಬಂದು, ಅಲ್ಲಿ ಕಲ್ಲಿನ ಮೇಲೆ ಕೂತಂತೆ ನಿಂತುಬಿಟ್ಟಿದ್ದವು. ಅದರ ಕೆಳಗೆ ಒಂದೂ ಹೋಗಿರಲಿಲ್ಲ.

ತೂತಿನಿಂದ ಗಾಳಿ ಸೋರಿದರೆ ಪೂರ್ತಿ ಸೋರಬೇಕು. ಎಲ್ಲಿ ನಿಲ್ಲಬೇಕೆಂದು ತೂತಿಗೆ ಗೊತ್ತಿರುವುದಿಲ್ಲ.

ಇನ್ನೊಂದು ವಿಚಿತ್ರವೂ ಕಂಡಿತು. ಕಡಿಮೆಯಾದಷ್ಟು ಗಾಳಿಯನ್ನು ಮೇಲಿಂದ ತುಂಬಿಸಿಕೊಂಡವರ ಟೈರು ಆಮೇಲೆ ಅಷ್ಟಾಗಿ ಇಳಿದಿರಲಿಲ್ಲ. ಸಹಾಯವಾಣಿಯ ಮಾತು ಕೇಳಿ ಪೂರ್ತಿ ಗಾಳಿ ಬಿಟ್ಟು ಹೊಸ ಗಾಳಿ ತುಂಬಿಸಿದವರದು ಮಾತ್ರ ಮತ್ತೆ ಮೊದಲಿನಷ್ಟೇ ಇಳಿದಿತ್ತು. ಅಲ್ಲದೆ ಬಳ್ಳಾರಿಯಂಥ ಬಳ್ಳಾರಿಯಲ್ಲೇ ಒಬ್ಬ ಟ್ಯಾಕ್ಸಿ ಮಾಲೀಕನ ಅಷ್ಟೂ ಕಾರುಗಳಲ್ಲಿ ದೀಪವೇ ಹತ್ತಿರಲಿಲ್ಲ. ಅವಳು ಫೋನ್ ಮಾಡಿದಳು.

"ನಾವು ಬರೇ ಗಾಳಿ ತುಂಬ್ಸಲ್ಲಮ್ಮಾ," ಎಂದ ಆತ. "ಗಣಿ ರಸ್ತೇಲಿ ಟೈರು ಕಾಯ್ತಾವಂತ ನೈಟ್ರೋಜನ್ ತುಂಬಿಸ್ತೀವಿ. ಯಾಕಮ್ಮಾ, ತಪ್ಪೇನಾದ್ರೂ ಆತಾ?"

"ಇಲ್ರೀ. ತಪ್ಪೇನಿಲ್ಲ," ಎನ್ನುವಾಗಲೇ ಅವಳು ಕುರ್ಚಿಯಿಂದ ಎದ್ದಿದ್ದಳು.

ಮೇಲಿನ ಮಹಡಿಯ ಪ್ರಯೋಗಾಲಯದಲ್ಲಿ ಫರ್ಜಾನಾ ಮುಲ್ಲಾ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಳು. ಟೈರನ್ನು ಮಾಯಿಸುವ ಜೀವಾಣುಗಳನ್ನು ಸಾಕಿದವಳು ಅವಳೇ. ಟೈರಿನ ಒಳಮೈಗೆ ಬಳಿದ ಅಂಟಿನಲ್ಲಿ ಅವು ಮೇಣದ ಪುಟ್ಟಪುಟ್ಟ ಗೂಡುಗಳೊಳಗೆ ಮಲಗಿರುತ್ತವೆ. ಮೊಳೆ ಚುಚ್ಚಿದಲ್ಲಿ ಗೂಡು ಒಡೆಯುತ್ತದೆ. ಎದ್ದ ಜೀವಾಣು ಸುಣ್ಣ ಕಟ್ಟಿ ತೂತು ಮುಚ್ಚುತ್ತದೆ, ಮತ್ತೆ ನಿದ್ದೆ ಹೋಗುತ್ತದೆ.

"ಫರ್ಜಾನಾ, ನಿನ್ನ ಹುಳ ಉಸಿರಾಡತಾವೇನ?"

"ಎದ್ದಾಗ ಆಡತಾವ. ಸುಣ್ಣ ಕಟ್ಟಾಕ ಆಮ್ಲಜನಕ ಬೇಕಲ್ಲ. ಯಾಕ?"

"ಮೊಳಿ ಚುಚ್ಚದನ ಎಲ್ಲಾವೂ ಒಮ್ಮೆಲೇ ಎದ್ರ?"

ಫರ್ಜಾನಾ ನಗಲು ಹೋದವಳು ನಗಲಿಲ್ಲ. ಮೇಣ ಎಷ್ಟು ಕಾವಿಗೆ ಕರಗುತ್ತದೆಂದು ಅವರು ಪರೀಕ್ಷೆ ಮಾಡಿದ್ದರು. ಆದರೆ ಈ ಬೇಸಿಗೆಯಂಥ ಬೇಸಿಗೆಯನ್ನು ಆ ಪರೀಕ್ಷೆ ಕಂಡಿರಲಿಲ್ಲ. ಡಾಂಬರು ಚಪ್ಪಲಿಗೆ ಅಂಟುವ ಬಿಸಿಲಿನಲ್ಲಿ ಓಡುವ ಟೈರಿನೊಳಗೆ ಮೇಣ ಉಳಿದೀತೆ?

"ಗಾಳಿಯಾಗ ಐದರಾಗೊಂದು ಪಾಲು ಆಮ್ಲಜನಕ," ಎಂದಳು ಫರ್ಜಾನಾ ಮೆಲ್ಲಗೆ. "ಅದನ್ನ ತಿಂದು ಮುಗಿಸಿ ಸುಣ್ಣ ಮಾಡತಾವ. ಉಳದದ್ದನ್ನ ತಿನ್ನಾಕ ಬರಂಗಿಲ್ಲ. ಅದಕ್ಕ ಅಲ್ಲಿಗೇ ನಿಂದರತೈತಿ..."

"ನೈಟ್ರೋಜನ್ ತುಂಬಿಸಿದವರಿಗೆ ಏನೂ ಆಗಿಲ್ಲ, ಅದಕ್ಕ."

ಒಗಟು ಬಿಡಿಸಿದ ಖುಷಿ ಅರೆಗಳಿಗೆಯೂ ಉಳಿಯಲಿಲ್ಲ. ಪೂರ್ತಿ ಗಾಳಿ ಬಿಟ್ಟು ಹೊಸ ಗಾಳಿ ತುಂಬಿಸಿದಾಗೆಲ್ಲ ಆ ಹಸಿದ ಜೀವಾಣುಗಳಿಗೆ ಹೊಸ ಊಟ. ಊಟವಾದಾಗೆಲ್ಲ ಇನ್ನೊಂದು ಪದರು ಸುಣ್ಣ. ರಬ್ಬರು ಬಾಗುತ್ತದೆ, ಸುಣ್ಣ ಬಾಗುವುದಿಲ್ಲ. ಚಕ್ರ ತಿರುಗಿದಂತೆಲ್ಲ ಪದರು ಸೀಳುತ್ತದೆ, ಸೀಳಿದ ಅಂಚು ರಬ್ಬರನ್ನು ಒಳಗಿಂದ ಕುಯ್ಯುತ್ತದೆ.

ಯಾರು ಕಂಪನಿಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರೋ ಅವರ ಟೈರೇ ಎಲ್ಲಕ್ಕಿಂತ ಮೊದಲು ಒಡೆಯುವುದು.

'ಇನ್ನೊಂದ್ ಸಲ ಮಾಡ್ರಿ' ಎಂದು ಬೆಳಿಗ್ಗೆ ಗಂಡನಿಗೆ ಹೇಳಿದ್ದು ನೆನಪಾಗಿ ಮಹಾನಂದಾ ಮೆಟ್ಟಿಲಿಳಿದು ಕಟ್ಟಿಯ ಬಳಿ ಓಡಿದಳು. ಅವರು ಬಾಗಲಕೋಟೆಯಲ್ಲಿ ಊಟ ಮುಗಿಸಿ ಬಿಸಿಲಿಳಿದ ಮೇಲೆ ಹೊರಡುತ್ತಾರೆ, ಅಷ್ಟರೊಳಗೆ ಹೇಳಿದರಾಯಿತು ಎಂದುಕೊಂಡಿದ್ದಳು.

ಕಟ್ಟಿ ಪೂರ್ತಿ ಕೇಳಿಸಿಕೊಂಡ. ಕನ್ನಡಕ ತೆಗೆದು ಒರೆಸಿದ. "ಇದೆಲ್ಲಾ ನಿಮ್ಮ ಊಹೆ. ಕಣ್ಣಿಂದ ನೋಡಿದವರು ಯಾರು? ನಾ ಈಗ ಎಲ್ಲಾ ಗಾಡಿ ನಿಲ್ಲಸ್ರಿ ಅಂತ ಹೇಳಿದ್ರ, ನಡು ಹಾದ್ಯಾಗ ಗಾಬರಿಬಿದ್ದು ಬ್ರೇಕ್ ಹಾಕಿ ಒಬ್ಬರಿಗೊಬ್ಬರು ಗುದ್ದತಾರ. ಅದರ ಹೊಣಿ ಯಾರು ಹೊರ್ತಾರ?"

ಅದೂ ಸುಳ್ಳಲ್ಲ. ಮಹಾನಂದಾ ಕಿಟಕಿಯಾಚೆ ನೋಡಿದಳು. ಕೆಳಗೆ ನಿಲುಗಡೆಯಲ್ಲಿ ಕಟ್ಟಿಯ ಬಿಳಿ ಕಾರು ಬಿಸಿಲು ಕಾಯುತ್ತ ನಿಂತಿತ್ತು.

"ಸರ್, ನಿಮ್ಮ ಗಾಡಿ ದೀಪ ಹತ್ತಿತ್ತೇನ್ರಿ?"

"ಹತ್ತಿತ್ತು. ನಿಯಮದ ಪ್ರಕಾರ ಗಾಳಿ ಬಿಟ್ಟು ತುಂಬಸೇನಿ. ನಾಕೈದ್ ಸಲ."

"ಒಂದ್ ಟೈರ್ ಕೊಡ್ರಿ. ಕೊಯ್ದು ನೋಡೂಣು. ಒಳಗ ಏನೂ ಇಲ್ಲಂದ್ರ ಇಲ್ಲೇ ನಿಮ್ಮ ಮುಂದ ಗುಂಡಿ ಒತ್ತತೀನಿ."

ಕಟ್ಟಿ ಅವಳನ್ನು ದಿಟ್ಟಿಸಿ, ಕೀಲಿ ತೆಗೆದು ಮೇಜಿನ ಮೇಲಿಟ್ಟ.

ಕಾರ್ಯಾಗಾರದವರು ಟೈರು ಬಿಚ್ಚಿ ತಂದು ಗರಗಸಕ್ಕೆ ಕೊಟ್ಟರು. ರಬ್ಬರಿನ ಸುಟ್ಟ ವಾಸನೆ ಎದ್ದಿತು. ಒಂದು ಹಂತದಲ್ಲಿ ಗರಗಸದ ಸದ್ದೇ ಬದಲಾಗಿ ಕಲ್ಲು ಕುಯ್ದಂತೆ ಕಿರ್‍ರೆಂದಿತು. ಕಟ್ಟಿಯ ಹುಬ್ಬು ಆಗಲೇ ಗಂಟಿಕ್ಕಿತು. ಟೈರು ಎರಡು ಹೋಳಾಗಿ ಬಿದ್ದಾಗ ಒಳಮೈಯೆಲ್ಲ ಬೆಳ್ಳಗಿತ್ತು, ಗಡಸುನೀರು ಕಾಯಿಸಿದ ಹಳೇ ಹಂಡೆಯೊಳಗೆ ಸುಣ್ಣ ಕಟ್ಟಿದ ಹಾಗೆ. ಫರ್ಜಾನಾ ಉಗುರಿನಿಂದ ಕೆರೆದಳು. ಪದರು ಚಕ್ಕೆಯಾಗಿ ಎದ್ದು ಬಂತು. ಅದರಡಿ ರಬ್ಬರಿನಲ್ಲಿ ಉದ್ದಕ್ಕೂ ಸೀಳು. ಕಟ್ಟಿ ಬಗ್ಗಿ ಆ ಸೀಳಿನಲ್ಲಿ ಬೆರಳಿಟ್ಟ. ಹೊರಗಿನ ಮೈಗೂ ಅದಕ್ಕೂ ನಡುವೆ ಜೋಳದ ರೊಟ್ಟಿಯಷ್ಟು ದಪ್ಪವೂ ರಬ್ಬರು ಉಳಿದಿರಲಿಲ್ಲ.

"ಇವತ್ತ ಮುಂಜಾನೆ ಇದರಾಗ ಮೊಮ್ಮಗಳನ್ನ ಕೂಡಿಸ್ಕೊಂಡ್ ಹೋಗಿದ್ದೆ," ಎಂದ. ಎದ್ದು ನಿಂತವನ ದನಿಯಲ್ಲಿ ಅನುಮಾನವಿರಲಿಲ್ಲ. "ಆ ತಿದ್ದುಪಡಿ ಕೈಬಿಡ್ರಿ. ಗಾಳಿ ಪೂರ್ತಿ ಬಿಟ್ಟು ತುಂಬಿಸಿದ ಗಾಡಿ ಎಲ್ಲಾ ಹುಡುಕ್ರಿ. ಕೆಂಪು ದೀಪ ಹಾಕ್ರಿ. ನನ್ನ ಹೆಸರಿನ ಮ್ಯಾಲೆ ಹಾಕ್ರಿ."

ಸೂರ್ಯ ನೆತ್ತಿ ದಾಟಿದ್ದ. ಪರದೆಯ ಮೇಲೆ ಆ ಕಾರುಗಳಷ್ಟೇ ಕೆಂಪಗಾದವು. ಕೆಂಪೆಂದರೆ 'ನಿಧಾನಿಸಿ, ಬದಿಗೆ ನಿಲ್ಲಿಸಿ'. ಕೊಠಡಿಯಲ್ಲಿ ಎಲ್ಲರೂ ಎದ್ದು ನಿಂತು ನೋಡಿದರು. ಚುಕ್ಕೆಗಳು ನಿಲ್ಲಬೇಕಿತ್ತು. ಕೆಲವು ನಿಂತವು. ಬಹುಪಾಲು ಮೊದಲಿನಂತೆಯೇ ಓಡುತ್ತಿದ್ದವು.

"ಯಾಕ ನಿಲ್ಲವಲ್ರು?" ಎಂದಳು ಫರ್ಜಾನಾ.

"ಯಾಕ ನಿಂದರತಾರ? ದೀಪ ಸುಳ್ಳು ಹೇಳತೈತಿ, ನಂಬಬ್ಯಾಡ್ರಿ ಅಂತ ಹೋದ ವಾರ ನಾವ ಹೇಳೇವಲ್ಲ," ಎಂದಳು ಮಹಾನಂದಾ.

ಆ ಹೊತ್ತಿಗೆ ಹೊಸಪೇಟೆಯ ಬಳಿ ಒಂದು ಚುಕ್ಕೆ ಮಿನುಗಿ ಆರಿಹೋಯಿತು. ಟೈರಿನೊಡನೆ ಒಳಗಿನ ಸೆನ್ಸರೂ ಒಡೆದಿತ್ತು.

ಉಳಿದದ್ದು ಒಂದೇ ದಾರಿ, ಮನುಷ್ಯರ ದನಿ. ಕಟ್ಟಿ ಕಚೇರಿಯವರನ್ನೆಲ್ಲ ಕರೆಸಿದ. ಕಾರ್ಯಾಗಾರದವರು, ಕ್ಯಾಂಟೀನಿನವರು, ಕೈ ಒರೆಸಿಕೊಳ್ಳುತ್ತ ಬಂದ ತೋಟದ ಕೆಲಸದವರು, ಎಲ್ಲರೂ ಸಿಕ್ಕಸಿಕ್ಕ ಕುರ್ಚಿಯಲ್ಲಿ ಕೂತು ಫೋನ್ ಹಿಡಿದರು. ಹೆಚ್ಚು ಸಲ ಗಾಳಿ ಬದಲಿಸಿದ ಗಾಡಿಗಳಿಗೆ ಮೊದಲು. ಏನು ಹೇಳಬೇಕೆಂದು ಮಹಾನಂದಾ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿ ಹೇಳಿದಳು: "ಬ್ರೇಕ್ ಜೋರಾಗಿ ಒತ್ತಬ್ಯಾಡ್ರಿ ಅನ್ರಿ. ಎಕ್ಸಲರೇಟರ್ ಮ್ಯಾಲಿಂದ ಕಾಲು ತಗೀಲಿ. ಗಾಡಿ ತಾನ ನಿಧಾನ ಆಗಲಿ. ಸ್ಟೇರಿಂಗ್ ಗಟ್ಟಿ ಹಿಡೀಲಿ."

ಅವಳು ಮೊದಲು ಮಾಡಿದ್ದು ಗಂಡನಿಗೆ. ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ರಿಂಗಾಗಿ ರಿಂಗಾಗಿ ನಿಂತಿತು. ಪರದೆಯಲ್ಲಿ ಅವರ ಚುಕ್ಕೆ ಆಗಲೇ ಬಾಗಲಕೋಟೆಯಿಂದ ಮರಳಿ ಹೊರಟು, ಕೆರೂರು ದಾಟಿ ಕುಳಗೇರಿ ಕ್ರಾಸಿನತ್ತ ಓಡುತ್ತಿತ್ತು. ಮತ್ತೊಮ್ಮೆ ಮಾಡಿದಳು. ಎತ್ತಲಿಲ್ಲ. ಅತ್ತೆಯ ಫೋನು ಸ್ವಿಚ್ ಆಫ್ ಆಗಿತ್ತು. ಮೂರನೆಯ ಸಲ ಮಾಡಲು ಹೋದ ಬೆರಳನ್ನು ಅವಳೇ ತಡೆದಳು. ಅವಳ ಪಾಲಿಗೆ ಬಂದ ಇನ್ನೂ ಎಷ್ಟೋ ಚುಕ್ಕೆಗಳು ಓಡುತ್ತಿದ್ದವು.

ಗದಗದ ರಸ್ತೆಯಲ್ಲಿದ್ದ ಒಬ್ಬ ಎತ್ತಿದೊಡನೆ ಹರಿಹಾಯ್ದ. "ಟೈರ್ ಕಂಪನಿಯವರಾ? ಬುದ್ಧಿ ಐತೇನ ನಿಮಗ? ಹೋದ ವಾರ ಏನೂ ಆಗಂಗಿಲ್ಲ ಅಂದ್ರಿ, ಈಗ ನಿಂದರ್ ಅಂತೀರಿ!"

"ಅಣ್ಣಾರ, ತಪ್ಪು ನಮ್ಮದು. ಬೈರಿ, ಆದ್ರ ಗಾಡಿ ನಿಧಾನ ಮಾಡಿ ಬೈರಿ—"

ಕರೆ ಕಡಿದುಹೋಯಿತು. ಮತ್ತೆ ಮಾಡಿದಳು. ಈ ಸಲ ಅವನ ಬಾಯಿಂದ ಬಂದದ್ದು ಬರೆಯುವಂಥ ಮಾತಲ್ಲ. ಮುಂದಿನ ಸಲ ಎತ್ತಲೇ ಇಲ್ಲ. ಅವಳು ಮುಂದಿನ ನಂಬರಿಗೆ ಹೋದಳು.

ಅದು ಇಳಕಲ್ಲಿನಿಂದ ಹೊರಟ ಟೆಂಪೋ ಟ್ರಾವೆಲರ್. ಚಾಲಕನ ಹೆಸರು ಹುಸೇನಸಾಬ. ಹಿಂದೆ ಹೆಣ್ಣುಮಕ್ಕಳು ಗಂಟಲು ಬಿಚ್ಚಿ ಹಾಡುವುದು ಕೇಳುತ್ತಿತ್ತು. ವಾಲಿಬಾಲ್ ಪಂದ್ಯಕ್ಕೆ ಹೊರಟ ಶಾಲೆಯ ತಂಡ.

"ಮೇಡಂ, ಬರೋಬ್ಬರಿ ಹೊತ್ತಿಗೆ ಮಾಡಿದ್ರಿ," ಎಂದ ಹುಸೇನಸಾಬ. "ಸ್ಟೇರಿಂಗ್ ಯಾಕೋ ನಡಗಾಕ ಹತ್ತೈತಿ. ಹಿಂದ ಲಾರಿ ಐತಿ, ಒಮ್ಮೆಲೇ ನಿಂದ್ರಾಕ ಬರಂಗಿಲ್ಲ. ಏನ್ ಮಾಡ್ಲಿ?"

"ಕಾಲು ತಗೀರಿ. ಬ್ರೇಕ್ ಮುಟ್ಟಬ್ಯಾಡ್ರಿ. ಇಂಡಿಕೇಟರ್ ಹಾಕಿ ಎಡಕ್ಕ ಸರೀರಿ. ನಾ ಲೈನಿನ್ಯಾಗ ಅದೀನಿ."

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಸ್ವಂತ ಫೋನು ನಡುಗಿತು. ಗುರುಸಿದ್ಧ.

ಒಂದು ಕಿವಿಯಲ್ಲಿ ಮಕ್ಕಳ ಹಾಡು, ಕಣ್ಣ ಮುಂದೆ ಗಂಡನ ಹೆಸರು. ಅವಳು ಪರದೆಯ ಕಡೆ ಕತ್ತೆತ್ತಿದಳು. ಕುಳಗೇರಿ ಕ್ರಾಸಿನ ಈಚೆ ಅವರ ಚುಕ್ಕೆ ಇರಲಿಲ್ಲ. ಎಲ್ಲೂ ಇರಲಿಲ್ಲ.

"ಮೇಡಂ? ಅದೀರಿ?"

"ಅದೀನ್ರಿ. ಲಾರಿ ಮುಂದ ಹೋತೇನು?" ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ. ಫೋನು ನಡುಗಿ ನಡುಗಿ ಮೇಜಿನ ಅಂಚಿಗೆ ಸರಿಯಿತು, ಸುಮ್ಮನಾಯಿತು.

"ಹೋತ್ರಿ. ಈಗ ಮಣ್ಣಿಗಿಳಿಸೇನಿ. ನಿಂತ್ವಿ, ನಿಂತ್ವಿ ಮೇಡಂ."

"ಮಕ್ಕಳನ್ನ ಕೆಳಗಿಳಿಸಿ ದೂರ ಕರ್ಕೊಂಡ್ ಹೋಗ್ರಿ. ಟೈರಿನ ಹತ್ರ ಯಾರೂ ನಿಂದರಬ್ಯಾಡ್ರಿ." ಎಂದವಳೇ ಕರೆ ಮುಗಿಸಿ ತನ್ನ ಫೋನನ್ನು ಎತ್ತಿಕೊಂಡಳು.

ಎತ್ತಿದ್ದು ಭುವನಾ. "ವೈನೀ..." ಎಂದು ಅಳತೊಡಗಿದಳು.

"ಭುವನಾ! ಏನಾತು? ನಿಮ್ಮಣ್ಣ ಎಲ್ಲಿ?"

ಫೋನು ಕೈ ಬದಲಾಯಿತು. "ಇಲ್ಲೇ ಅದೀನಿ," ಎಂದ ಗುರುಸಿದ್ಧ ಏದುಸಿರಿನಲ್ಲಿ. "ಎಲ್ಲಾರೂ ಅರಾಮ ಅದೀವಿ. ನಾ ಗಾಡಿ ಹೊಡಿಯೂವಾಗ ನೀ ಎಂದೂ ಫೋನ್ ಮಾಡಿದಾಕಿ ಅಲ್ಲ. ಎರಡ್ ಸಲ ಯಾಕ ಮಾಡಿದ್ಲು ಅಂತ ಎದಿ ಝಲ್ ಅಂತು. ಬೇವಿನ ಗಿಡದ ನೆಳ್ಳಿಗೆ ನಿಲ್ಲಿಸಿ, ಅವ್ವನ್ನ, ಭುವನಾನ್ನ ನೀರ್ ಕುಡೀಲಿ ಅಂತ ಇಳಿಸೇನಿ, ಅಷ್ಟರಾಗ ಎಡಗಡೆ ಮುಂದಿಂದು ಬಾಂಬ್ ಹಾರಿಸಿದಂಗ ಒಡೀತು. ನಿಮ್ಮ ಸೆನ್ಸರ್ ಚೂರ್ ಚೂರು. ರಸ್ತಾದಾಗ ಓಡೂವಾಗ ಒಡದಿದ್ರ..."

ಹಿಂದೆ ಶಾಂತವ್ವ ಯಾರಿಗೋ ಗದರುತ್ತಿದ್ದಳು, ಬಸರಿಗೆ ಗಾಳಿ ಬಿಡ್ರಿ, ಸುತ್ತ ಮುಕರಬ್ಯಾಡ್ರಿ ಎಂದು. ಮಹಾನಂದಾಳಿಗೆ ಮೇಜಿನ ಮೇಲೆ ತಲೆಯಿಟ್ಟು ಅಳಬೇಕೆನ್ನಿಸಿತು.

"ಅಲ್ಲೇ ಇರ್ರಿ. ಆ ಕಾರ್ ಮತ್ತ ಮುಟ್ಟಬ್ಯಾಡ್ರಿ. ಫೋನ್ ಇಡ್ತೀನಿ," ಎಂದು ಮುಂದಿನ ನಂಬರು ಒತ್ತಿದಳು.

ಕರೆಗಳು ಮುಗಿಯುವ ಹೊತ್ತಿಗೆ ಕಿಟಕಿಯ ಬಿಸಿಲು ಕೆಂಪಗಾಗಿತ್ತು. ಬಯಲುಸೀಮೆಯ ರಸ್ತೆಗಳ ಉದ್ದಕ್ಕೂ ಗಾಡಿಗಳು ಮರದಡಿ, ಢಾಬಾಗಳ ಮುಂದೆ, ಹೊಲದ ಬದುವಿನಲ್ಲಿ ನಿಂತಿದ್ದವು. ನಿಂತವರು ಬದುಕಿದ್ದರು. ಹೊಸಪೇಟೆಯ ಆ ಕಾರಿನಲ್ಲಿದ್ದ ಗಂಡಹೆಂಡಿರು ಬದುಕಲಿಲ್ಲ. ಬೇರೆ ಕಡೆಗಳಿಂದಲೂ ಒಂದೊಂದಾಗಿ ಅಂಥ ಸುದ್ದಿ ಬರುತ್ತಿತ್ತು. ಕಟ್ಟಿ ಒಬ್ಬನೇ ಒಳಕೋಣೆಯಲ್ಲಿ ಕೂತು, ಹಿಂದಿನ ವಾರದ ಸಂದೇಶ ಕಳಿಸಲು ಒಪ್ಪಿಗೆ ಕೊಟ್ಟವನು ತಾನೇ ಎಂದು ಪೊಲೀಸರಿಗೆ ಫೋನಿನಲ್ಲಿ ಹೇಳುತ್ತಿದ್ದ. ದನಿ ಏರಿಸಿರಲಿಲ್ಲ. ಫರ್ಜಾನಾ ಮೇಲೆ ಹೋಗಿ ತಾನು ಸಾಕಿದ ಜೀವಾಣುಗಳ ಗಾಜಿನ ತಟ್ಟೆಗಳನ್ನೆಲ್ಲ ಬೀರುವಿಗೆ ಹಾಕಿ ಮೊಹರು ಮಾಡಿಸಿದಳು. ತನಿಖೆಗೆ ಬೇಕಾಗುತ್ತವೆ ಎಂದಳು. ಅವಳ ಕಣ್ಣುಗಳು ಊದಿದ್ದವು.

ಮನೆಗೆ ಹೊರಡುವ ಮುನ್ನ ಮಹಾನಂದಾ ಆರಿಹೋದ ಚುಕ್ಕೆಗಳನ್ನು ಇನ್ನೊಮ್ಮೆ ನೋಡಿದಳು. ಗದಗದ ರಸ್ತೆಯವನದೂ ಅದರಲ್ಲಿತ್ತು. ಮಾಡಬೇಕೋ ಬೇಡವೋ ಎಂದು ಬಹಳ ಹೊತ್ತು ಫೋನು ಹಿಡಿದು ಕೂತಿದ್ದು, ಕೊನೆಗೆ ಮಾಡಿದಳು.

ಹೆಣ್ಣುದನಿ. ಹಿಂದೆ ಆಸ್ಪತ್ರೆಯ ಗದ್ದಲ.

"ಮಧ್ಯಾಹ್ನ ಟೈರಿನ ಬಗ್ಗೆ ಫೋನ್ ಮಾಡಿದ್ದೆ ನಾ," ಎಂದಳು ಮಹಾನಂದಾ.

"ನೀವೇನ್ರಿ? ನಮ್ಮನಿಯವರಿಗೆ ಕಾಲ್ ಮುರದೈತಿ. ನನಗ, ಕೂಸಿಗೆ ಏನೂ ಆಗಿಲ್ಲ." ಆಕೆ ಅಳುವ ಕೂಸನ್ನು ರಮಿಸಿ ಮುಂದುವರಿಸಿದಳು. "ನಿಮಗ ಭಾಳ ಬೈದ್ರು. ನೀವ್ ಫೋನ್ ಮಾಡಿದಾಗೂ ಬೈದ್ರು, ಇಟ್ಟ ಮ್ಯಾಲೂ ಬೈಕೋತ ಇದ್ರು. ಆದ್ರ ಅಕ್ಕಾರ, ಬೈಕೋತನ ಎಕ್ಸಲರೇಟರ್ ಮ್ಯಾಲಿಂದ ಕಾಲ್ ತಗದಿದ್ರು ನೋಡ್ರಿ. ಗಾಡಿ ನಿಧಾನ ಆಗಿತ್ತು."